ಮೌಶಿ, ನಾನು, ಮುಂದೆ ಕಂಪೌಂಡರ್

ಹೋದ ಜನವರಿಯಲ್ಲಿ ನನ್ನ ಮಗಳು ಗೆಳತಿಯರ ಜೊತೆ ಯಾವುದೋ ಕೋಟೆ ಹತ್ತಿ ಬಂದು, ಕಾಲುಚೀಲಗಳನ್ನು ಬಚ್ಚಲಮನೆಯ ಬಾಗಿಲಲ್ಲೇ ಕಳಚಿ ಎಸೆದು ಮಲಗಿಬಿಟ್ಟಳು. ನಲವತ್ತು ಮುಟ್ಟುತ್ತಿರುವ ಮಗಳು, ಆದರೂ ಕಾಲುಚೀಲ ಎತ್ತಿಡುವುದು ನನ್ನ ಕೆಲಸವೇ. ಬೈದುಕೊಳ್ಳುತ್ತ ಎತ್ತಿದೆ. ತುಂಬ ಉತ್ತರಾಣಿ ಬೀಜ, ಒಣಹುಲ್ಲಿನ ಚೂರು. ಬಿಸಿಲಿಗೆ ಕಾದ ಹುಲ್ಲಿನ ವಾಸನೆ ಬಂತು, ಅದರ ಹಿಂದೆಯೇ ಮಣ್ಣಿನದು... ಬೆವರಿನದೂ ಇತ್ತು ಅನ್ನಿ. ಪುಣೆಯ ಬಿಬವೇವಾಡಿಯ ಮೂರನೇ ಮಹಡಿಯಲ್ಲಿ, ಬಚ್ಚಲಮನೆಯ ಮುಂದೆ ನೆಲಕ್ಕೆ ಕೂತು ಒಂದೊಂದೇ ಬೀಜ ಕೀಳತೊಡಗಿದೆ. ಐದಾರು ಕಿತ್ತ ಮೇಲೆ ಬೆರಳುಗಳಿಗೇ ನೆನಪಾಯಿತು. ಇಂಥವೇ ಬೀಜಗಳನ್ನು ನಾನು ಒಂದು ನಾಯಿಯ ಕಿವಿಯಿಂದ ಕೀಳುತ್ತಿದ್ದೆ. ನಾಯಿಯ ಹೆಸರು ಕಂಪೌಂಡರ್. ಅದರ ಒಡತಿಯನ್ನು ನಾವೆಲ್ಲ ಮೌಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆವು.

ಎಪ್ಪತ್ತರ ದಶಕದ ಮಾತು. ಪುಣೆಯ ಪೇಠೆಯೊಂದರ ಹಳೆಯ ವಾಡೆ, ನಡುವಿನ ಅಂಗಳದ ಸುತ್ತ ಹನ್ನೆರಡು ಸಂಸಾರ, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಧಾರವಾಡ ಕಡೆಯವರು ನಾವೊಬ್ಬರೇ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮೌಶಿ ಇದ್ದರು, ಬೆಳಗಾವಿ ಹತ್ತಿರದ ಹಳ್ಳಿಯವರು. ಎದೆರೋಗದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಲ್ಲಿಯ ಸರದಿಗೆ ಜಗಳ ಶುರುವಾದರೆ ಮೌಶಿ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತರೆ ಸಾಕು, ಕೊಡಗಳು ತಾವಾಗಿಯೇ ಸಾಲು ಹಿಡಿಯುತ್ತಿದ್ದವು.

ಕಂಪೌಂಡರ್ ಕಂದು ಬಣ್ಣದ ಬೀದಿನಾಯಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಆಸ್ಪತ್ರೆಯ ಹಿಂದೆ ಹುಟ್ಟಿ, ಮೌಶಿ ಒಂದು ವಾರ್ಡಿನಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಬಾಗಿಲ ಹೊರಗೆ ಕಾಯುತ್ತಿದ್ದುದಕ್ಕೆ ಆ ಹೆಸರು. ನಿವೃತ್ತಿಯ ದಿನ ಶಾಲು, ತೆಂಗಿನಕಾಯಿಗಳ ಜೊತೆ ಅದೂ ವಾಡೆಗೆ ಬಂತು. ಮೌಶಿಯ ಹಳೆಯ ಬಿಳಿ ಸೀರೆಯೇ ಅದರ ಹಾಸಿಗೆ. ವಾಡೆಯವರೆಲ್ಲ ಮರಾಠಿಯಲ್ಲಿ ಎಷ್ಟು ಮುದ್ದಿನಿಂದ ಕರೆದರೂ ತಿರುಗಿ ನೋಡುತ್ತಿರಲಿಲ್ಲ. ಮೌಶಿ "ಬಾರಲೇ" ಅಂದರೆ ಮಾತ್ರ ಎದ್ದು ಓಡುತ್ತಿತ್ತು. ಅಷ್ಟರ ಮಟ್ಟಿಗೆ ಅದು ನಮ್ಮ ಕಡೆಯದು ಎಂದು ನನಗೆ ಒಳಗೊಳಗೇ ಹೆಮ್ಮೆ.

ನನಗಾಗ ಇಪ್ಪತ್ತೊಂದು. ಕಾಲೇಜಿನ ಎರಡನೇ ವರ್ಷದಲ್ಲಿ ಕ್ಷಯ ಬಂದಿತ್ತು. ಈಗ ಈ ಶಬ್ದ ಬರೆಯಲು ಕೈ ತಡೆಯುವುದಿಲ್ಲ, ಆಗ ನಮ್ಮ ಮನೆಯಲ್ಲಿ ಅದನ್ನು ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ. "ವೀಕ್ನೆಸ್" ಅನ್ನುತ್ತಿದ್ದರು. ಕ್ಷಯವಿದ್ದ ಹುಡುಗಿಯನ್ನು ಯಾರು ಮದುವೆಯಾದಾರು ಎಂಬುದು ಅವ್ವನ ಚಿಂತೆ. ಹೀಗಾಗಿ ಬಾಯಿಗೆ ಬೀಗ. ಆಗಿನ್ನೂ ಕೆಲಸದಲ್ಲಿದ್ದ ಮೌಶಿ, ಡ್ಯೂಟಿಗೆ ಹೋಗುವ ಮುಂಚೆ ಸಿರಿಂಜಿನ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ನನಗೆ ಸೂಜಿ ಚುಚ್ಚಿ ಹೋಗುತ್ತಿದ್ದರು. ವಾಡೆಯಲ್ಲಿ ಅವರೊಬ್ಬರಿಗೇ ಗೊತ್ತು. ಹದಿನೆಂಟು ತಿಂಗಳು ಗುಳಿಗೆ ನುಂಗಿದೆ. ಡಾಕ್ಟರು ಗುಣವಾಯಿತು ಅಂದರು.

ಆದರೆ ಗುಣವಾಯಿತೆಂದು ನಂಬಿದವರು ಯಾರು? ನಾನೇ ನಂಬಿರಲಿಲ್ಲ. ನನ್ನ ಲೋಟ, ತಾಟು ಬೇರೆಯಾಗಿಯೇ ಉಳಿದವು. ಅವ್ವ ನನಗೆ ಕೊಡ ಎತ್ತಗೊಡುತ್ತಿರಲಿಲ್ಲ. ಮೆಟ್ಟಿಲು ಹತ್ತಿ ಉಸಿರು ಸ್ವಲ್ಪ ಜೋರಾದರೆ ಸಾಕು, ಮತ್ತೆ ಬಂತೇನೋ ಎಂದು ಎದೆ ಧಸಕ್ಕೆನ್ನುತ್ತಿತ್ತು. ಕಾಲೇಜು ಬಿಟ್ಟಾಗಿತ್ತು. ಕಿಟಕಿಯ ಪಕ್ಕ ಕೂತು ಸ್ವೆಟರ್ ಹೆಣೆಯುವುದು, ಬಿಚ್ಚುವುದು, ಮತ್ತೆ ಹೆಣೆಯುವುದು... ಆರಕ್ಕೇರದ ಮೂರಕ್ಕಿಳಿಯದ ಬದುಕು.

ಸಂಕ್ರಾಂತಿ ಕಳೆದ ವಾರ ಮೌಶಿ ನಮ್ಮ ಬಾಗಿಲಿಗೆ ಬಂದರು.

"ವೈನಿ, ಆಯ್ತವಾರ ನಿಮ್ಮ ಹುಡುಗೀನ್ನ ನನ್ನ ಕೂಡ ಕಳಸ್ರಿ. ಗುಡ್ಡದ ಮ್ಯಾಲೆ ದೇವಿ ಗುಡಿ ಅದ, ಹೋಗಿ ಬರ್ತೇವಿ."

ಅವ್ವ ಹೌಹಾರಿದಳು. "ಗುಡ್ಡಾ? ಏನ್ ಹೇಳ್ತೀರಿ ಸಿಸ್ಟರ್! ಈಕಿಗೆ ನಾಕು ಮೆಟ್ಟಲಾ ಹತ್ತಿದ್ರ ತೇಕು ಬರ್ತದರಿ."

"ತೇಕು ನಿಮಗೂ ಬರ್ತದ, ನನಗೂ ಬರ್ತದ. ಗುಡ್ಡ ಹತ್ತಿದ್ರ ತೇಕು ಬರಲಾರದವ್ರು ಸತ್ತವ್ರಷ್ಟ."

ದೇವಿಯ ಹೆಸರು ತೆಗೆದ ಮೇಲೆ ಅವ್ವ ಎದುರಾಡಲಾರಳು. ಎರಡು ಸ್ವೆಟರು, ಒಂದು ಮಫ್ಲರು ಹೊದಿಸಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, ಬೆಟ್ಟಕ್ಕಲ್ಲ ಕಾಶಿಗೇ ಹೊರಟವಳಂತೆ ನನ್ನನ್ನು ಕಳಿಸಿದಳು.

ಸ್ವಾರಗೇಟಿನಿಂದ ಮುಂಜಾನೆಯ ಮೊದಲ ಬಸ್ಸು. ಪುಣೆಯ ಚಳಿಗೆ ಕಿಟಕಿಯ ಸರಳು ಮುಟ್ಟಿದರೆ ಕೈ ಸೆಟೆಯುತ್ತಿತ್ತು. ಕಂಪೌಂಡರ್ ಸೀಟಿನ ಕೆಳಗೆ ಮುದುರಿಕೊಂಡಿತ್ತು. ಕಂಡಕ್ಟರ್ ಬಗ್ಗಿ ನೋಡಿ, ಇದೇನಮ್ಮಾ, ನಾಯಿಯೇ ಅಂದ. ನಾಯಿ ಅಲ್ಲ, ಕಂಪೌಂಡರ್ ಅಂದರು ಮೌಶಿ ಮರಾಠಿಯಲ್ಲಿ, ಮುಖದ ಒಂದು ಗೆರೆಯೂ ಅಲುಗದಂತೆ. ಆತ ನಕ್ಕು ಮುಂದಕ್ಕೆ ಹೋದ. ಪ್ರತಿ ತಿಂಗಳೂ ಇದೇ ಪ್ರಶ್ನೆ, ಇದೇ ಉತ್ತರ ಎಂದು ಆಮೇಲೆ ಗೊತ್ತಾಯಿತು.

ಬಸ್ಸಿನಲ್ಲಿ ಮೌಶಿ ನಿಜ ಹೇಳಿದರು. ಗುಡಿ ಇರುವುದೇನೋ ಹೌದು, ಆದರೆ ಅವರು ಹೋಗುತ್ತಿದ್ದುದು ಅದಕ್ಕಲ್ಲ. ಬೆಟ್ಟದ ನೆತ್ತಿಯಲ್ಲಿ ದನಗಾಹಿಗಳ ನಾಲ್ಕು ಮನೆಗಳಿದ್ದವು. ಅದರಲ್ಲೊಂದು ಮನೆಯ ಸೊಸೆ ಕ್ಷಯವೆಂದು ಮೌಶಿಯ ವಾರ್ಡಿಗೆ ಬಂದಿದ್ದಳು. ಮೂರು ತಿಂಗಳು ಸೂಜಿ ಕೊಟ್ಟು, ಗುಳಿಗೆ ಕಟ್ಟಿ, ಮುಂದಿನದನ್ನು ಬೆಟ್ಟದ ಕೆಳಗಿನ ದವಾಖಾನೆಯಲ್ಲಿ ತಗೋ ಎಂದು ಮನೆಗೆ ಕಳಿಸಿದ್ದರು. ಅಷ್ಟರಲ್ಲಿ ಮಳೆಗಾಲ ಬಂತು. ಆ ಬೆಟ್ಟದಲ್ಲಿ ಮಳೆ ಹಿಡಿದರೆ ನಾಲ್ಕು ತಿಂಗಳು ಯಾರೂ ಇಳಿಯುವಂತಿಲ್ಲ, ಹತ್ತುವಂತಿಲ್ಲ. ನಾಲ್ಕು ತಿಂಗಳೂ ಆಕೆ ಗುಳಿಗೆಯಿಲ್ಲದೆ ಕೆಮ್ಮುತ್ತ ಕೂತಿದ್ದಳು. ನಿವೃತ್ತರಾದ ಮೇಲೆ ಮೌಶಿ ಹುಡುಕಿಕೊಂಡು ಹೋದಾಗ ರೋಗ ತಿರುಗಿ ತಲೆ ಎತ್ತಿತ್ತು. ಮೊದಲಿನಿಂದ ಔಷಧ ಶುರು ಮಾಡಿಸಿ, ದೀಪಾವಳಿಯಿಂದ ತಿಂಗಳಿಗೊಮ್ಮೆ ಮೌಶಿ ತಾವೇ ಗುಳಿಗೆ ಹೊತ್ತು ಹತ್ತುತ್ತಿದ್ದರು. ಒಂದೊಂದು ತಿಂಗಳ ಗುಳಿಗೆಯನ್ನು ಹಳೆಯ ಬಿಳಿ ಸೀರೆಯ ಒಂದೊಂದು ಚೂರಿನಲ್ಲಿ ಗಂಟು ಕಟ್ಟಿ ಒಯ್ಯುತ್ತಿದ್ದರು.

"ಈ ಸಲ ತಪ್ಪಿದ್ರ ಆಕಿ ಉಳಿಯೂದಿಲ್ಲ," ಅಂದರು.

ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಮಾಡಿದವರು ಬಸ್ಸಿನಿಂದಲೇ ನೋಡಿರಬೇಕು. ಇಳಿದು ತಲೆ ಎತ್ತಿದರೆ ಕಪ್ಪು ಬಂಡೆ, ಅದರ ಕೆಳಗೆ ಆಳೆತ್ತರದ ಒಣಹುಲ್ಲು. ದಾರಿಯೆಂಬುದು ಹುಲ್ಲಿನೊಳಗೆ ಎಲ್ಲಿಯೋ ಮಾಯ. ಕಂಪೌಂಡರ್ ಮೂಗು ನೆಲಕ್ಕಿಟ್ಟು ಮುಂದೆ ನುಗ್ಗುತ್ತಿತ್ತು. ಹುಲ್ಲಿನ ತುದಿಗಳು ಅಲ್ಲಾಡಿದ ಕಡೆಗೆ ನಾವು ನಡೆಯುತ್ತಿದ್ದೆವು. ಇಪ್ಪತ್ತು ಮಾರು ಹೋಗಿ ಅದು ತಿರುಗಿ ಬಂದು ನನ್ನ ಮುಖ ನೋಡುತ್ತಿತ್ತು, ಎಷ್ಟೊತ್ತು ಮಾರಾಯ್ತಿ ಎನ್ನುವಂತೆ.

ಅರ್ಧ ತಾಸಿಗೆ ನನ್ನ ಉಸಿರು ಬಾಯಿಗೆ ಬಂತು. ಎದೆಯೊಳಗಿನ ಬಡಿತ ಕಿವಿಗೆ ಕೇಳುತ್ತಿತ್ತು. ಕೂತುಬಿಟ್ಟೆ. ಮುಗಿಯಿತು, ಮತ್ತೆ ಬಂತು, ಇಲ್ಲೇ ರಕ್ತ ಕಾರುತ್ತೇನೆ ಅನ್ನಿಸಿ ಅಳು ಬಂತು. ಮೌಶಿ ಸಮಾಧಾನ ಮಾಡಲಿಲ್ಲ. ತಾವೂ ಪಕ್ಕದಲ್ಲಿ ಕೂತು ಜೋರಾಗಿ ತೇಕುತ್ತಿದ್ದರು. ಕಂಪೌಂಡರ್ ನಾಲಗೆ ಹೊರಗೆ ಹಾಕಿ ನಮ್ಮಿಬ್ಬರಿಗಿಂತ ಜೋರಾಗಿ ತೇಕುತ್ತಿತ್ತು.

"ನೋಡು," ಅಂದರು ಮೌಶಿ. "ಇದಕ್ಕೇನ್ ಟೀಬಿ ಅದನ?"

ನನಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಆಮೇಲೆ ಅವರು ಹತ್ತುವ ಕ್ರಮ ಹೇಳಿಕೊಟ್ಟರು. ನಲವತ್ತು ಹೆಜ್ಜೆ, ಒಂದು ನಿಲುಗಡೆ. ಬಾಯಿ ಮುಚ್ಚಿ ಮೂಗಿನಿಂದ ಉಸಿರು. ದಣಿಯುವ ಮುಂಚೆಯೇ ನಿಲ್ಲಬೇಕು, ದಣಿದು ಕೂತವರಿಗೆ ಏಳಲು ಮನಸ್ಸಾಗುವುದಿಲ್ಲ. ನಲವತ್ತು, ನಿಲುಗಡೆ. ನಲವತ್ತು, ನಿಲುಗಡೆ. ಎಣಿಕೆಯಲ್ಲಿ ಹೆದರಿಕೆ ಮರೆತುಹೋಯಿತು. ಒಂದು ಸ್ವೆಟರ್ ಬಿಚ್ಚಿದೆ, ಇನ್ನೊಂದೂ ಬಿಚ್ಚಿದೆ. ಬಂಡೆಯ ಸಂದಿನಿಂದ ಮೇಲೆ ಬಂದಾಗ ಎದುರಿಗೆ ಬೆಟ್ಟದ ಬೆನ್ನು ಉದ್ದಕ್ಕೆ ಬಿದ್ದಿತ್ತು, ಎರಡೂ ಕಡೆ ಕಣಿವೆ, ದೂರದಲ್ಲಿ ತೋರಣಾ ಕೋಟೆ. ತಣ್ಣನೆಯ ಗಾಳಿ. ಅಷ್ಟೆಲ್ಲ ಗಾಳಿ ನನ್ನ ಎದೆಯೊಳಗೆ ಹಿಡಿಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ... ಎರಡು ವರ್ಷಗಳಲ್ಲಿ ಮೊದಲ ಸಲ ನನಗೆ ಹಸಿವಾಯಿತು. ಅಲ್ಲಿಯೇ ನಿಂತು ಎರಡು ರೊಟ್ಟಿ ತಿಂದೆ.

ಮನೆ ಕಾಣುವ ಮೊದಲೇ ಕಂಪೌಂಡರ್ ಬೊಗಳುತ್ತ ಓಡಿತು. ಸೆಗಣಿ ಸಾರಿಸಿದ ಅಂಗಳದಲ್ಲಿ ಸೊಸೆ ನಿಂತಿದ್ದಳು. ನನ್ನಷ್ಟೇ ವಯಸ್ಸು. ಗಲ್ಲದ ಎಲುಬು ಎದ್ದಿದ್ದವು. ಗೋಡೆಯ ಗೂಟಕ್ಕೆ ಒಂದು ಹಿತ್ತಾಳೆ ತಂಬಿಗೆ ಬೇರೆಯಾಗಿ ತೂಗುತ್ತಿತ್ತು, ಅದು ಆಕೆಯದು ಎಂದು ಯಾರೂ ಹೇಳದೆಯೇ ನನಗೆ ತಿಳಿಯಿತು. ಮೌಶಿ ಆಕೆಯ ಕಣ್ಣು, ಉಗುರು ನೋಡಿದರು, ತೂಕ ಏರಿಲ್ಲ ಎಂದು ಗೊಣಗಿದರು. ಗುಳಿಗೆ ಸರಿಯಾಗಿ ತಗೊಂಡಿಯಾ ಎಂದು ಮರಾಠಿಯಲ್ಲಿ ಕೇಳಿದರೆ ಆಕೆ ಹೂಂ ಅಂದಳು.

ಅಷ್ಟರಲ್ಲಿ ಕಂಪೌಂಡರ್ ಮನೆಯೊಳಗೆ ನುಗ್ಗಿತ್ತು. ಹೊಸ್ತಿಲಾಚೆ ಹೋಗುವ ನಾಯಿಯಲ್ಲ ಅದು. ಒಳಗೆ ಪರಪರ ಕೆರೆಯುವ ಸದ್ದು, ಅತ್ತೆ ಮುದುಕಿ ಹಚ್ಯಾ ಹಚ್ಯಾ ಎಂದು ಅಟ್ಟುವ ಸದ್ದು. ಆಮೇಲೆ ಬಾಲ ಅಲ್ಲಾಡಿಸುತ್ತ ಹೊರಗೆ ಬಂತು, ಬಾಯಲ್ಲೊಂದು ಬಿಳಿ ಗಂಟು. ತನ್ನ ಹಾಸಿಗೆಯ ವಾಸನೆ ಅದಕ್ಕೆ ತಿಳಿಯದೇ ಇದ್ದೀತೇ! ತಂದು ಮೌಶಿಯ ಕಾಲ ಬಳಿ ಹಾಕಿತು. ಮತ್ತೆ ಒಳಗೆ ಹೋಗಿ ಇನ್ನೊಂದು ತಂದಿತು.

ಮೌಶಿ ಗಂಟು ಬಿಚ್ಚಿದರು. ಒಂದೊಂದರಲ್ಲೂ ಅರ್ಧ ತಿಂಗಳ ಗುಳಿಗೆ ಹಾಗೇ ಇತ್ತು. ಆಕೆ ಒಂದು ದಿನ ತಗೊಂಡು ಒಂದು ದಿನ ಬಿಟ್ಟಿದ್ದಳು.

ಮೌಶಿಯ ಸಿಟ್ಟು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮರಾಠಿ ಸಾಲದೆ ಕನ್ನಡಕ್ಕೆ ಇಳಿದರು. "ಅರ್ಧಾ ಔಷಧ ತಿಂದ್ರ ಬ್ಯಾನಿ ಔಷಧಕ್ಕ ರೂಢಿ ಆಗಿ ಕೂಡ್ತದ ಲೇ! ಮುಂದ ಯಾವ ದೇವರು ಬಂದ್ರೂ ಹೋಗೂದಿಲ್ಲ! ನಾ ಏನ್ ಹುಚ್ಚಿ ಅದೀನಿ, ಈ ವಯಸ್ಸಿನಾಗ ಗುಡ್ಡ ಹತ್ತಾಕ?" ಆಕೆಗೆ ಒಂದಕ್ಷರವೂ ತಿಳಿಯಲಿಲ್ಲ. ತಲೆ ತಗ್ಗಿಸಿ ನಿಂತಿದ್ದಳು. ಮೌಶಿ ಕೈ ಎತ್ತಿದರು, ಹೊಡೆದೇಬಿಡುತ್ತಾರೆ ಅಂದುಕೊಂಡೆ.

ಆಗ ಅತ್ತೆ ಬಾಗಿಲಿಗೆ ಬಂದು ಒಂದೇ ಮಾತು ಹೇಳಿದಳು. "ಪಾವಸಾಳ್ಯಾಸಾಠೀ." ಮಳೆಗಾಲಕ್ಕೆ.

ಮೌಶಿಯ ಕೈ ಹಾಗೇ ಇಳಿಯಿತು. ಮುದುಕಿ ನಮ್ಮನ್ನು ಒಳಗೆ ಕರೆದು ತೋರಿಸಿದಳು. ಗೋಡೆಗುಂಟ ಮಳೆಗಾಲಕ್ಕೆಂದು ಒಟ್ಟಿದ ಕಟ್ಟಿಗೆ, ಮಳೆಗಾಲಕ್ಕೆಂದು ಮುಚ್ಚಿದ ಕಾಳಿನ ಕಣಜ, ಉಪ್ಪಿನ ಗಡಿಗೆ, ದನಕ್ಕೆ ಹುಲ್ಲು. ಆ ಬೆಟ್ಟದಲ್ಲಿ ಬದುಕುವವರು ಎಂಟು ತಿಂಗಳು ಅರ್ಧ ಉಂಡು ಅರ್ಧ ಎತ್ತಿಡುತ್ತಾರೆ. ಕಣಜದ ಹಿಂದೆ ಗುಳಿಗೆಯ ಗಂಟುಗಳನ್ನೂ ಎತ್ತಿಟ್ಟಿದ್ದರು. ಹೋದ ಮಳೆಗಾಲದಲ್ಲಿ ಒಂದು ಗುಳಿಗೆಯೂ ಇಲ್ಲದೆ ಕೆಮ್ಮಿದವಳು ಈ ಸಲ ಜಾಣತನ ಮಾಡಿದ್ದಳು. ಅದು ಉದಾಸೀನವಲ್ಲ, ಸಂಸಾರಸ್ಥೆಯ ಮುಂದಾಲೋಚನೆ.

ಮೌಶಿ ಹೊಸ್ತಿಲ ಮೇಲೆ ಕುಸಿದು ಕೂತರು. "ಮೂವತ್ತು ವರ್ಷ ನರ್ಸ್‌ಕಿ ಮಾಡೇನಿ," ಅಂದರು ನನಗೆ, "ಮಳಿಗಾಲದಾಗ ಏನ್ ಮಾಡ್ತೀ ಅಂತ ಒಂದ್ ದಿನ ಕೇಳಲಿಲ್ಲ ನೋಡು ನಾ."

ಮಳೆ ಹಿಡಿಯುವ ಮೊದಲು ನಾಲ್ಕು ತಿಂಗಳ ಗುಳಿಗೆ ಪೂರ್ತಿ ತಂದು ಕೊಡುತ್ತೇನೆ, ನೀನು ದಿನಾ ತಗೋ ಎಂದು ಮೌಶಿ ಮರಾಠಿಯಲ್ಲಿ ಹತ್ತು ಸಲ ಹೇಳಿದರು. ಆಕೆ ಹೂಂ ಅನ್ನಲಿಲ್ಲ. ಕೊನೆಗೆ ನಿಧಾನವಾಗಿ ಬಾಯಿ ಬಿಟ್ಟಳು. ವಾರ್ಡಿನಲ್ಲಿ ತನ್ನ ಎಡಕ್ಕಿದ್ದವಳು ಸತ್ತಳು, ಬಲಕ್ಕಿದ್ದವಳೂ ಸತ್ತಳು. ಈ ರೋಗ ಬಂದು ಗುಣವಾದ ಒಬ್ಬರನ್ನಾದರೂ ತಾನು ಕಣ್ಣಾರೆ ಕಂಡಿಲ್ಲ. ಪೂರ್ತಿ ತಗೊಂಡರೂ ಸಾಯುವುದಾದರೆ, ಎತ್ತಿಟ್ಟು ಇನ್ನೊಂದು ಮಳೆಗಾಲವನ್ನಾದರೂ ದಾಟುತ್ತೇನೆ... ಹೀಗೆಂದಳು.

ನಾನು ಮೌಶಿಯ ಕಡೆ ನೋಡಿದೆ. ನನ್ನ ಗುಟ್ಟು ಅವರ ನಾಲಗೆಯ ತುದಿಯಲ್ಲಿತ್ತು, ಒಂದು ಮಾತು ಸಾಕಾಗಿತ್ತು. ಅವರು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನಾಯಿಯ ಕುತ್ತಿಗೆ ತುರಿಸುತ್ತ ಎದುರಿನ ಬೆಟ್ಟ ನೋಡುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು. ನಾನು ಹೇಳಲೇಬೇಕಾಗಿರಲಿಲ್ಲ. ಅವ್ವನ ಎರಡು ವರ್ಷದ ಶ್ರಮ ನೆನಪಾಯಿತು, ಅವಳು ಮಾಡಿಸಿದ್ದ ಆಣೆ ಪ್ರಮಾಣ ನೆನಪಾದವು. ಸೊಸೆಯ ಗಲ್ಲದ ಎಲುಬು ಕಣ್ಣೆದುರಿಗಿತ್ತು. ಸತ್ತವರು ಎಲ್ಲರಿಗೂ ಕಾಣುತ್ತಾರೆ, ಗುಣವಾದವರು ನನ್ನ ಹಾಗೆ ಬಾಯಿ ಮುಚ್ಚಿಕೊಂಡು ಕಿಟಕಿಯ ಪಕ್ಕ ಸ್ವೆಟರ್ ಹೆಣೆಯುತ್ತಿರುತ್ತಾರೆ. ಮತ್ತೆ ಆಕೆ ಯಾರನ್ನು ಕಂಡಾಳು?

"ನನಗೂ ಇತ್ತು," ಅಂದೆ, ಮರಾಠಿಯಲ್ಲಿ. ಧ್ವನಿ ನನ್ನದೇ ಅನ್ನಿಸಲಿಲ್ಲ. "ಹದಿನೆಂಟು ತಿಂಗಳು ತಗೊಂಡೆ. ದಿನಾ."

ಆಕೆ ನಂಬಲಿಲ್ಲ. ಹತ್ತಿರ ಬಂದು, ವಾರ್ಡಿನಲ್ಲಿ ಡಾಕ್ಟರು ತನಗೆ ಮಾಡುತ್ತಿದ್ದಂತೆ ನನ್ನ ಬೆನ್ನಿನ ಮೇಲೆ ಅಂಗೈ ಊರಿ, ಉಸಿರು ತಗೋ ಅಂದಳು. ತಗೊಂಡೆ. ಬಿಡು ಅಂದಳು. ಬಿಟ್ಟೆ. ಇನ್ನೊಂದು ಕಡೆ ಕೈ ಇಟ್ಟಳು. ಅಷ್ಟು ಗಂಭೀರವಾಗಿ ನನ್ನನ್ನು ಯಾವ ಡಾಕ್ಟರೂ ಪರೀಕ್ಷೆ ಮಾಡಿರಲಿಲ್ಲ. ಕೆಳಗಿನಿಂದ ನಡೆದೇ ಬಂದೆಯಾ ಎಂದು ಕೇಳಿದಳು. ನಡೆದೇ ಅಂದೆ. ಆಕೆ ಕೈ ತೆಗೆದಳು, ಮೌಶಿಯ ಮುಂದೆ ಕೂತಳು, ಆ ದಿನದ ಗುಳಿಗೆ ಕೊಡಿ ಅಂದಳು.

ಇಳಿಯುವಾಗ ಅರ್ಧ ದಾರಿ ನಾನು ಮೌಶಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದೆ. ಇವರು ನನ್ನನ್ನು ಗಾಳಿಗೆಂದು ಕರೆತರಲಿಲ್ಲ, ತೋರಿಸುವುದಕ್ಕೆಂದು ಕರೆತಂದರು ಎಂದು ಸಿಟ್ಟು ಕುದಿಯುತ್ತಿತ್ತು. ಕೊನೆಗೆ ಕೇಳಿಯೇಬಿಟ್ಟೆ.

"ಆಸೆ ಇತ್ತು," ಅಂದರು ಮೌಶಿ. "ಸುಳ್ಳ್ಯಾಕ ಹೇಳ್ಲಿ. ಆದ್ರ ನೀ ಬಾಯಿ ಬಿಡಲಿಕ್ಕಂದ್ರ ನಾ ಜನ್ಮದಾಗ ಹೇಳತಿದ್ದಿಲ್ಲ. ಅದು ನಿನ್ನ ಮಾತು." ಹಿಂದೆ ತಿರುಗಿ ನೋಡಿದರೆ ಅವರ ಕಣ್ಣು ತುಂಬಿದ್ದವು. ಕೃತಜ್ಞತೆ ಇರಬೇಕು ಅಂದುಕೊಂಡೆ. ನನಗೆಷ್ಟು ತಿಳಿಯುತ್ತಿತ್ತು ಆಗ!

ಆಮೇಲೆ ಪ್ರತಿ ತಿಂಗಳೂ ನಾನು ಹೋಗತೊಡಗಿದೆ. ಅವ್ವ ಇಷ್ಟೊಂದು ಭಕ್ತಿ ಯಾವಾಗಿಂದ ಎಂದು ಬೆರಗಾದಳು. ಮಳೆಗೆ ಮುಂಚೆ ನಾಲ್ಕು ತಿಂಗಳ ಗುಳಿಗೆಯನ್ನು ಬಿಸ್ಕೀಟಿನ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಮೇಣ ಬಳಿದು ಕೊಟ್ಟು ಬಂದೆವು. ಮಳೆ ಮುಗಿದು ಹೋದಾಗ ಸೊಸೆ ಖಾಲಿ ಬಟ್ಟೆ ಚೂರುಗಳನ್ನು ಒಗೆದು ಮಡಚಿ ಮುಂದಿಟ್ಟಳು. ಗಲ್ಲ ತುಂಬಿಕೊಂಡಿತ್ತು.

ಇನ್ನೊಂದು ಮಳೆಗಾಲ ದಾಟಿತು. ಬಿಟ್ಟ ದಿನಗಳನ್ನೆಲ್ಲ ತುಂಬಿಸಿ ಆಕೆಯ ಹದಿನೆಂಟು ತಿಂಗಳು ಮುಗಿದವು. ಔಷಧ ನಿಲ್ಲಿಸಿದ ಮೇಲೆ ಮೂರು ತಿಂಗಳು ಬಿಟ್ಟು ಕಫ ಪರೀಕ್ಷೆ ಮಾಡಿಸಬೇಕೆಂದು ಮೌಶಿಯ ಹಟ. ಸರಿಯಾಗಿ ಆಗಲೇ ಅವರು ನಲ್ಲಿಯ ಹತ್ತಿರ ಜಾರಿ ಬಿದ್ದು ಕಾಲು ಮುರಿದುಕೊಂಡರು. ಪ್ಲಾಸ್ಟರ್ ಕಾಲನ್ನು ಎಳೆಯುತ್ತ ಕೋಣೆಯಲ್ಲೇ ಚಡಪಡಿಸುತ್ತಿದ್ದರು.

"ನಾ ಹೋಗ್ತೀನ್ರಿ ಮೌಶಿ," ಅಂದೆ. "ಕಂಪೌಂಡರ್ ಅದಾನಲ್ಲ."

ಡಿಸೆಂಬರಿನ ಕೊನೆ. ಬಸ್ಸಿಳಿದಾಗ ಮಂಜು ಇನ್ನೂ ಹರಿದಿರಲಿಲ್ಲ. ನಾನೂ ಕಂಪೌಂಡರೂ ಇಬ್ಬರೇ. ನಲವತ್ತು, ನಿಲುಗಡೆ. ಬೆಟ್ಟದ ಬೆನ್ನಿಗೆ ಬಂದು ನೋಡಿದರೆ ದಾರಿಯೇ ಇಲ್ಲ. ಹೊಸ ಹುಲ್ಲು ಚಿಗುರಲೆಂದು ಒಣಹುಲ್ಲಿಗೆ ಬೆಂಕಿ ಕೊಟ್ಟಿದ್ದರು, ಎಲ್ಲ ಕಡೆಗೂ ಒಂದೇ ಕರಿ ಬೂದಿ. ಮಂಜಿನಲ್ಲಿ ತೋರಣಾ ಕೂಡ ಕಾಣುತ್ತಿಲ್ಲ. ಇಷ್ಟು ಸಲ ಬಂದವಳು ನಾನು, ಗೊತ್ತಿಲ್ಲವೇ ಎಂದು ಬಲಕ್ಕೆ ಹೊರಟೆ. ಕಂಪೌಂಡರ್ ಬರಲಿಲ್ಲ. ಕರೆದೆ. ಕೂತುಬಿಟ್ಟಿತು. ಎತ್ತು ಏರಿಗೆ, ಕೋಣ ನೀರಿಗೆ. ಬೈದೆ, ರೊಟ್ಟಿ ತೋರಿಸಿದೆ. ಬೂದಿಯಲ್ಲಿ ಮೂತಿ ಕಪ್ಪು ಮಾಡಿಕೊಂಡು ಕೂತೇ ಇತ್ತು. ಬೇಡಾದರೆ ಬಿಡು ಎಂದು ಒಬ್ಬಳೇ ನಡೆದೆ. ಐವತ್ತು ಹೆಜ್ಜೆಯಾಗಿರಬಹುದು, ಮಂಜು ಒಂದು ಗಳಿಗೆ ಸರಿಯಿತು. ನನ್ನ ಕಾಲಿನ ಮುಂದೆ ನೆಲವಿರಲಿಲ್ಲ. ಕೆಳಗೆ, ಬಹಳ ಕೆಳಗೆ, ಯಾರದೋ ಹೊಲ ಕರವಸ್ತ್ರದಷ್ಟು ಕಾಣುತ್ತಿತ್ತು.

ಹೇಗೆ ಹಿಂದಕ್ಕೆ ಬಂದೆನೋ ತಿಳಿಯದು. ಕಂಪೌಂಡರಿನ ಕುತ್ತಿಗೆಗೆ ಕೈ ಹಾಕಿ ಬೂದಿಯಲ್ಲೇ ಕೂತು ಅತ್ತೆ. ಅದು ನನ್ನ ಕಿವಿ ನೆಕ್ಕಿ, ಎದ್ದು, ಮೈ ಕೊಡವಿ ಎಡಕ್ಕೆ ಹೊರಟಿತು. ಬಾಯಿ ಮುಚ್ಚಿಕೊಂಡು ಹಿಂಬಾಲಿಸಿದೆ.

ಸೊಸೆ ಅಂಗಳದಲ್ಲಿ ಎರಡು ಕೊಡ ಹೊತ್ತು ನಿಂತಿದ್ದಳು, ತಲೆಯ ಮೇಲೆ ಒಂದು, ಸೊಂಟದಲ್ಲಿ ಒಂದು. ಕಫದ ಬಾಟಲಿಯನ್ನು ಸೀರೆಯ ಚೂರಿನಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ಇಳಿದು ಬಂದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ತುಪ್ಪವೇ ಎಂದು ಕೇಳಿದಳು. ನಾನು ಹೌದು ಅಂದೆ. ನಾಲ್ಕು ದಿನದ ಮೇಲೆ ಫಲಿತಾಂಶ ಬಂತು. ರೋಗಾಣು ಇರಲಿಲ್ಲ. ಮೌಶಿ ಪ್ಲಾಸ್ಟರ್ ಕಾಲಿನಲ್ಲೇ ಎದ್ದು ನಿಂತು ಶಿರಾ ಮಾಡಿದರು, ಇಡೀ ವಾಡೆಗೆ ಹಂಚಿದರು. ಯಾಕೆಂದು ಯಾರಿಗೂ ಹೇಳಲಿಲ್ಲ. ಕಂಪೌಂಡರಿಗೆ ಎರಡು ಸಲ ಸಿಕ್ಕಿತು.

ಆ ಬೇಸಿಗೆಯಲ್ಲಿ ನನ್ನನ್ನು ನೋಡಲು ಬಂದ ಮೊದಲನೆಯವರ ಮುಂದೆಯೇ ನಾನು ಹೇಳಿಬಿಟ್ಟೆ. ಅವರು ಉಪ್ಪಿಟ್ಟನ್ನು ಅರ್ಧಕ್ಕೆ ಬಿಟ್ಟು ಎದ್ದರು. ಅವ್ವ ಹಣೆ ಚಚ್ಚಿಕೊಂಡಳು, ಎಂಟು ದಿನ ನನ್ನ ಜೊತೆ ಮಾತು ಬಿಟ್ಟಳು. ಎರಡನೆಯ ಸಲ ಬಂದ ಹುಡುಗ ಒಂದೇ ಪ್ರಶ್ನೆ ಕೇಳಿದ, "ಔಷಧ ಪೂರ್ತಿ ತಗೊಂಡ್ರೇನ್ರಿ?" ಒಂದು ದಿನವೂ ಬಿಟ್ಟಿಲ್ಲ ಅಂದೆ. "ಮತ್ತ ಆತಲ್ಲ," ಎಂದು ಉಪ್ಪಿಟ್ಟು ಮುಗಿಸಿದ. ಅವನ ಜೊತೆ ಸಂಸಾರ ಮಾಡಿದೆ, ಜಗಳವಾಡಿದೆ, ಇಬ್ಬರೂ ಮುದುಕರಾದೆವು.

ಕಂಪೌಂಡರ್ ಮುಪ್ಪಿನಿಂದ ತನ್ನ ಬಿಳಿ ಹಾಸಿಗೆಯ ಮೇಲೆಯೇ ಸತ್ತಿತು. ಎಂಬತ್ತರ ದಶಕದ ನಡುವೆ ಮೌಶಿಯೂ ಸೋತರು. ಹೃದಯ ದುರ್ಬಲವಾಗಿತ್ತು, ಕಾಲು ಬಾತಿದ್ದವು. ನಾನು ತುಂಬು ಬಸುರಿ. ಒಂದು ಮಧ್ಯಾಹ್ನ ಹೋಗಿ ಪಕ್ಕದಲ್ಲಿ ಕೂತೆ. ಎಂದೂ ಇಲ್ಲದೆ ನನ್ನ ಕೈ ಹಿಡಿದುಕೊಂಡರು.

"ಅವತ್ತು ಗುಡ್ಡದ ಮ್ಯಾಲೆ," ಅಂದರು, "ಆ ಮಾತು ಹೇಳಬೇಕಾದಾಕಿ ನಾ ಇದ್ದೆ."

ನನಗೆ ಅರ್ಥವಾಗಲಿಲ್ಲ. ನಿಧಾನವಾಗಿ, ಉಸಿರಿಗೆ ತಡೆಯುತ್ತ ಹೇಳಿದರು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವರಿಗೂ ಕ್ಷಯ ಬಂದಿತ್ತು. ಗುಳಿಗೆಗಳೇ ಇಲ್ಲದ ಕಾಲ. ಒಂದೂವರೆ ವರ್ಷ ಬರೀ ಗಾಳಿ, ಮೊಟ್ಟೆ, ಹಾಲು, ದೈವ. ಹೇಗೋ ಬದುಕಿದರು. ನಿಶ್ಚಯವಾದ ಮದುವೆ ಮುರಿಯಿತು. ನರ್ಸ್ ಕಲಿಯಲು ಹೊರಟಾಗ ಎಕ್ಸ್-ರೇಯಲ್ಲಿ ಕಂಡ ಎದೆಯ ಕಲೆಯನ್ನು ಚಿಕ್ಕಂದಿನ ನ್ಯುಮೋನಿಯಾ ಎಂದರು. ಆಮೇಲೆ ಮೂವತ್ತು ವರ್ಷ, ಸಾವಿರಾರು ರೋಗಿಗಳಿಗೆ ಹೆದರಬೇಡ ಎಂದರು, ನನಗೂ ಆಗಿತ್ತು ಎಂದು ಒಬ್ಬರಿಗೂ ಹೇಳಲಿಲ್ಲ.

"ಆಕಿ ಕೇಳಿದಾಗ ಬಾಯಿಗೆ ಬಂದಿತ್ತು. ಹೊರಬೀಳಲಿಲ್ಲ. ಇಪ್ಪತ್ತೊಂದರ ಹುಡುಗಿ ನೀ ಹೇಳಿದಿ... ನಾ ಹೋದಮ್ಯಾಲೆ ನಂದೂ ಹೇಳು. ಹೇಳ್ತೀಯಲ್ಲ?"

ಹೇಳುತ್ತೇನೆ ಅಂದೆ. ನನ್ನ ಮಗಳು ಹುಟ್ಟಿದ ವಾರದಲ್ಲೇ ಮೌಶಿ ಹೋದರು. ಕೇಳಿದರೆ ಬಾಣಂತಿಗೆ ಹಾಲು ನಿಂತೀತೆಂದು ಅವ್ವ ಹದಿಮೂರು ದಿನ ಮುಚ್ಚಿಟ್ಟಳು. ಮುಖ ನೋಡಲು ಸಿಗಲಿಲ್ಲ. ಅದೊಂದು ನೋವು ಇವತ್ತಿಗೂ ಹೋಗಿಲ್ಲ.

ಈಗ ವಾರಕ್ಕೊಮ್ಮೆ ಕೊಂಢವಾ ಕಡೆಯ ಒಂದು ದವಾಖಾನೆಗೆ ಹೋಗುತ್ತೇನೆ. ಕಟ್ಟಡದ ಕೆಲಸಕ್ಕೆ ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಜನ ಅಲ್ಲಿಗೆ ಕ್ಷಯದ ಔಷಧಕ್ಕೆ ಬರುತ್ತಾರೆ. ಅವರಿಗೆ ಮರಾಠಿ ಸರಿಯಾಗಿ ಬಾರದು, ಅಲ್ಲಿಯವರಿಗೆ ಕನ್ನಡ ಬಾರದು. ನಡುವೆ ನಾನು. ಕಾಲುಚೀಲದ ಬೀಜ ಕಿತ್ತ ಆ ವಾರ ಅಲ್ಲಿ ಒಬ್ಬ ಹುಡುಗಿ ಇದ್ದಳು. ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಗುಳಿಗೆಗಳನ್ನು ಅಂಗೈಯಲ್ಲಿಟ್ಟುಕೊಂಡು ನುಂಗದೆ ಕೂತಿದ್ದಳು. ಪಕ್ಕಕ್ಕೆ ಹೋಗಿ ಕೂತೆ. ನನಗೂ ಆಗಿತ್ತು ಅಂದೆ. ನಮ್ಮ ಮೌಶಿಗೂ ಆಗಿತ್ತು, ಈ ಗುಳಿಗೆ ಇನ್ನೂ ಹುಟ್ಟದೇ ಇದ್ದಾಗ, ಅಂದೆ.

ಆಕೆ ನನ್ನ ಹಿಂದೆ ಮುಂದೆ ನೋಡಿದಳು, ಮೌಶಿಯೂ ಅಲ್ಲೆಲ್ಲೋ ಇರಬೇಕೆಂಬಂತೆ.

"ಅವರು ಎಲ್ಲಿ ಅದಾರ್ರಿ ಈಗ?"

"ಇಲ್ಲವ್ವ. ಹೋಗಿ ನಲವತ್ತು ವರ್ಷ ಆಗ್ತಾ ಬಂತು."

ಆಕೆಯ ಮುಖ ಇಳಿಯಿತು. "ಇದರಿಂದನಾ?"

"ಅಲ್ಲ. ವಯಸ್ಸಾಗಿತ್ತು. ಅರವತ್ತೆಂಟು."

"ಅರವತ್ತೆಂಟಾ!" ಅಂದಳು ಆಕೆ. ಕಣ್ಣರಳಿಸಿ ಇನ್ನೊಂದು ಸಲ ಅಂದಳು. ಮೌಶಿ ತೀರಿಕೊಂಡ ಸುದ್ದಿಗೆ ಒಬ್ಬರು ಹೀಗೆ ಹಿಗ್ಗಿದ್ದನ್ನು ನಾನು ಅವತ್ತೇ ನೋಡಿದ್ದು. ಆಮೇಲೆ ಅಂಗೈಯಲ್ಲಿದ್ದವನ್ನೆಲ್ಲ ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಂಡು, ನೀರಿಗೆಂದು ಕೈ ಚಾಚಿದಳು.